ಫೈಂಡ್ ಎಂಬ ಕ್ರಿಯಾಪದ ಮತ್ತು ಒಂದು ಗಡಿಗೆ ಹಳೆಯ ನೀರು

ಹಿರಿಯ ಫಿಟ್ಟರು ನನಗೆ ಮೊದಲು ತೋರಿಸಿದ್ದು ತಮ್ಮ ದಿನಚರಿ ಪುಸ್ತಕದ ಒಂದು ಸಾಲು. ಅದು ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದರೆ ‘ಬೆಳಿಗ್ಗೆಯಿಂದ ಎಳೆಯ ತುದಿ ಸಿಗುತ್ತಾ ಇದೆ’ ಎಂದಾಗುತ್ತದೆ. ಅವರು ಹೇಳಬೇಕೆಂದಿದ್ದುದು ‘ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ’ ಎಂದು. ಶೆಡ್ಡಿನ ಮಾಲೀಕರು ಆ ಸಾಲನ್ನು ಓದಿ, ಎಲ್ಲ ಸರಿಯಾಗಿದೆ ಎಂದುಕೊಂಡು, ರೇಷ್ಮೆ ಗೂಡು ನೋಡಲು ಹನೂರಿಗೆ ಹೋಗಿದ್ದರು. ಮರಳಿ ಬಂದಾಗ ಯಂತ್ರ ನಿಂತಿತ್ತು. ಹೀಗಾಗಿ ಇಂಗ್ಲಿಷ್ ಮೇಷ್ಟ್ರಾದ ನನಗೆ ಕರೆ ಬಂತು.

ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆ ಶೆಡ್ಡು ಇದೆ. ರೇಷ್ಮೆ ಗೂಡನ್ನು ಬೇಯಿಸಿ ನೂಲು ಬಿಚ್ಚುವ ಕೆಲಸ. ಹಿಂದೆ ಅಲ್ಲಿ ಬಿಸಿನೀರಿನ ಬೇಸಿನ್ನುಗಳ ಮುಂದೆ ಹದಿನಾರು ಹೆಂಗಸರು ಕೂತು ಕೈಯಿಂದಲೇ ಎಳೆ ಹಿಡಿಯುತ್ತಿದ್ದರು. ಮಾಲೀಕರು ಬೇಸಿನ್ನುಗಳನ್ನು ಕೀಳಿಸಿ ಚೀನಾದಿಂದ ತಾನಾಗಿ ನೂಲು ಬಿಚ್ಚುವ ಯಂತ್ರ ತರಿಸಿದ್ದರು. ಅದನ್ನು ಜೋಡಿಸಿ ಓಡಿಸಿ ಕೊಡಲು ಅಲ್ಲಿಂದಲೇ ಇಬ್ಬರು ಬಂದಿದ್ದರು. ಒಬ್ಬರು ಐವತ್ತು ದಾಟಿದ ಹಿರಿಯ ಫಿಟ್ಟರು, ಇನ್ನೊಬ್ಬರು ಎಲೆಕ್ಟ್ರೀಷಿಯನ್. ಅನುವಾದ ಮಾಡುವ ಫೋನು ಇಬ್ಬರ ಬಳಿಯೂ ಇತ್ತು. ಆದರೆ ಹಬೆಯಲ್ಲಿ ಅದರ ಗಾಜು ಮಸುಕಾಗುತ್ತಿತ್ತು, ಗದ್ದಲದಲ್ಲಿ ಅದಕ್ಕೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಮಾಲೀಕರು ನನ್ನನ್ನು ಕೂರಿಸಿಕೊಂಡು ಹೇಳಿದರು: “ಇವ್ರು ವಿಮಾನ ಹತ್ತೋದ್ರೊಳಗೆ ಮೆಷಿನ್ ಎಂಟು ಗಂಟೆ ಒಂದೇ ಸಮ ಓಡ್ಬೇಕು ಮೇಷ್ಟ್ರೆ. ನೂಲು ಒಂದೇ ದಪ್ಪ ಬರ್ಬೇಕು. ಇಲ್ಲಾಂದ್ರೆ ಶೆಡ್ಡಿಗೆ ಬೀಗ. ಹಳೇ ಬೇಸಿನ್ ಗುಜರಿಗೆ ಹೋಯ್ತು, ನಾನು ಹಿಂದಕ್ಕೆ ಹೋಗೋ ಹಾಗಿಲ್ಲ.”

ಇದ್ದದ್ದು ನಲವತ್ತು ದಿನ. ಹೆಂಗಸರು ಗೋಡೆಯ ಪಕ್ಕ ಸಾಲಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ನೇಕಾರರ ಮನೆಯವನು. ಒಂದು ಮಗ್ಗ ನಿಂತರೆ ಮನೆಯಲ್ಲಿ ಏನೇನು ನಿಲ್ಲುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಿನಾ ಬೆಳಿಗ್ಗೆ ಒಂದು ಗಂಟೆ, ಆಫೀಸಿನ ಮೂಲೆಯಲ್ಲಿ ಪಾಠ. ನಲವತ್ತು ದಿನದಲ್ಲಿ ಒಂದು ಭಾಷೆ ಬರುವುದಿಲ್ಲ. ಎರಡನೇ ದಿನ ನಾನು ಒಂದೇ ಕ್ರಿಯಾಪದ ಕಲಿಸುವುದೆಂದು ತೀರ್ಮಾನಿಸಿದೆ. ಅದು ಫೈಂಡ್. ಶೆಡ್ಡಿನ ಕೆಲಸವೆಲ್ಲ ಆ ಪದದ ಸುತ್ತಲೇ ಇತ್ತು. ತುದಿ ಸಿಗಬೇಕು, ದೋಷ ಸಿಗಬೇಕು, ಕಾರಣ ಸಿಗಬೇಕು. ಯಂತ್ರ ಮಾರಿದ ಕಂಪನಿಯವರು ಇದನ್ನು ಕೇಳಿ, ಮುಂದೆ ಬರುವ ತಮ್ಮ ಫಿಟ್ಟರುಗಳಿಗೂ ಆಗುತ್ತದೆ, ಪಾಠವನ್ನು ಒಂದು ಕಿರುಪುಸ್ತಕ ಮಾಡಿಕೊಡಿ ಎಂದರು. ಹಾಗಾಗಿ ಪ್ರತಿ ಪಾಠವನ್ನೂ ಬರೆದಿಟ್ಟುಕೊಂಡೆ.

ಮೊದಲ ಪಾಠಕ್ಕೆ ಒಂದು ಬಟ್ಟಲು ಬೇಯಿಸಿದ ಗೂಡು ತರಿಸಿದೆ. ಹಿರಿಯರು ಪೊರಕೆಕಡ್ಡಿಯಿಂದ ಗೂಡುಗಳನ್ನು ಸವರುವಾಗ ‘ಲುಕ್ ಫಾರ್’ ಎಂದು ಬರೆದೆ. ಎಳೆಯ ತುದಿ ಕಡ್ಡಿಗೆ ಅಂಟಿ ಮೇಲೆದ್ದ ಕ್ಷಣದಲ್ಲಿ ‘ಫೈಂಡ್’ ಎಂದು ಬರೆದೆ. ಮೊದಲನೆಯದು ಗಂಟೆಗಟ್ಟಲೆ ನಡೆಯಬಹುದು. ಎರಡನೆಯದು ಒಂದು ಕ್ಷಣ. ಆದ್ದರಿಂದ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರೂ ಫೈಂಡ್ ಮಾಡುತ್ತಿರುವುದಿಲ್ಲ.

ಹಿರಿಯರು ಕಡ್ಡಿ ಕೆಳಗಿಟ್ಟರು. ತಮ್ಮ ಭಾಷೆಯಲ್ಲಿ ಹುಡುಕುವುದಕ್ಕೆ ‘ಝಾವ್’ ಎನ್ನುತ್ತಾರೆ, ಸಿಕ್ಕರೆ ಅದಕ್ಕೇ ‘ದಾವ್’ ಸೇರಿಸಿ ‘ಝಾವ್‌ದಾವ್’ ಎನ್ನುತ್ತಾರೆ ಎಂದು ವಿವರಿಸಿದರು. ದಾವ್ ಎಂದರೆ ತಲುಪುವುದು. ಹುಡುಕಿ ತಲುಪಿದರೆ ಸಿಕ್ಕಂತೆ. ಒಂದೇ ಪದಕ್ಕೆ ಬಾಲ ಸೇರಿಸುವ ಅಭ್ಯಾಸದವರಿಗೆ ಇಂಗ್ಲಿಷಿನ ಎರಡು ಬೇರೆ ಪದಗಳು ಕಲಸಿಹೋಗುವುದು ಸಹಜ. ಕಿರುಪುಸ್ತಕದ ಮೊದಲ ಪುಟದಲ್ಲಿ ಇದನ್ನೇ ಬರೆದೆ.

ನಮ್ಮಲ್ಲಿ ಹೇಗೆ ಎಂದು ಅವರು ಕೇಳಿದರು. ‘ನನಗೆ ಸಿಕ್ಕಿತು’ ಎನ್ನುತ್ತೇವೆ, ಕೆಲಸ ಮಾಡುವುದು ವಸ್ತು, ನಾವು ಸುಮ್ಮನೆ ಪಡೆಯುವವರು ಎಂದೆ. ಅವರು ನಕ್ಕು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು: “ಟೀಚರ್, ನಮ್ಮ ಭಾಷೆಯಲ್ಲಿ ನಾನು ಎಳೆ ಹತ್ರ ನಡೀತೀನಿ. ನಿಮ್ಮ ಭಾಷೆಯಲ್ಲಿ ಎಳೆ ನಿಮ್ಮ ಹತ್ರ ನಡೀತದೆ.”

ಪದದ ಹುಟ್ಟನ್ನೂ ಹೇಳಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಫಿಂಡನ್’, ಎದುರಾಗುವುದು, ಮೇಲೆ ಬಂದು ಬೀಳುವುದು. ಅದರ ಇನ್ನೂ ಹಿಂದಿನ ಬೇರು ನಡೆಯುವುದು, ತುಳಿಯುವುದು ಎಂದಿರಬಹುದು, ನಮ್ಮ ‘ಪಥ’ಕ್ಕೂ ಅದೇ ಬೇರು ಎಂದು ಕೆಲವು ಪಂಡಿತರು ಹೇಳುತ್ತಾರೆ. ಇದು ಖಚಿತವಲ್ಲ, ಹಾಗಾಗಿ ಪುಸ್ತಕದಲ್ಲಿ ‘ಇರಬಹುದು’ ಎಂದೇ ಬರೆದೆ. ಹಿರಿಯರು ತಾವೂ ಒಂದು ಅಕ್ಷರ ಬರೆದು ತೋರಿಸಿದರು. ‘ಶ್ಯು’, ಎಳೆಯ ತುದಿ. ಅದಕ್ಕೆ ತಲೆ ಎಂಬ ಪದ ಸೇರಿಸಿದರೆ ಸುಳಿವು. ಮನಸ್ಸು ಎಂಬ ಅರ್ಥದ ಪದ ಸೇರಿಸಿದರೆ ಮನಸ್ಸಿನ ಸ್ಥಿತಿ. ಎಲೆಕ್ಟ್ರೀಷಿಯನ್ ಕೆಟ್ಟಿದ್ದ ಒಂದು ಸ್ವಿಚ್ಚನ್ನು ಎತ್ತಿ ಹಿಡಿದು, ತನ್ನ ಮನಸ್ಸಿನ ಸ್ಥಿತಿ ಇದು ಎಂದರು.

ಪಾಠ ಸಾಗಿತು. ಯಂತ್ರ ಸಾಗಲಿಲ್ಲ.

ಆ ಯಂತ್ರದಲ್ಲಿ ಪ್ರತಿ ನೂಲೂ ಒಂದು ಸಣ್ಣ ಗೇಜಿನ ಸಂದಿನಲ್ಲಿ ಹಾದುಹೋಗುತ್ತದೆ. ನೂಲು ತೆಳುವಾದರೆ ಗೇಜು ಅದನ್ನು ತಿಳಿದು ಹೊಸ ಗೂಡು ಕೇಳುತ್ತದೆ. ಸಂದಿನಲ್ಲಿ ಕೊಳೆ ಕೂತರೆ ತೆಳು ನೂಲೂ ದಪ್ಪ ಎನಿಸುತ್ತದೆ, ಗೂಡು ಬರುವುದಿಲ್ಲ, ನೂಲು ತುಂಡಾಗುತ್ತದೆ. ನಮ್ಮಲ್ಲಿ ಆಗುತ್ತಿದ್ದುದು ಇದೇ. ಬೆಳಿಗ್ಗೆ ಸ್ವಲ್ಪ ಹೊತ್ತು ಚೆನ್ನಾಗಿ ಓಡುವುದು, ಹತ್ತೂವರೆಯ ಹೊತ್ತಿಗೆ ಎಳೆಗಳು ಸಾಲು ಸಾಲಾಗಿ ಕಡಿಯುವುದು. ಹಿರಿಯರು ಗೂಡು ಬದಲಿಸಿದರು, ಬೇಯಿಸುವ ಹೊತ್ತು ಬದಲಿಸಿದರು, ನೀರಿನ ಬಿಸಿ ಎರಡು ಡಿಗ್ರಿ ಇಳಿಸಿದರು, ಮತ್ತೆ ಏರಿಸಿದರು. ದಿನಾ ಸಂಜೆ ದಿನಚರಿಯಲ್ಲಿ ಈಗ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು: ಕಾರಣ ಹುಡುಕಿದೆವು, ಸಿಗಲಿಲ್ಲ. ಹದಿನೈದು ದಿನ ನಾನು ಆ ಸಾಲನ್ನು ತಿದ್ದಬೇಕಾಗಿಯೇ ಬರಲಿಲ್ಲ. ಕಲಿಸಿದ ಪದವೇ ನನ್ನನ್ನು ಚುಚ್ಚುತ್ತಿತ್ತು.

ಇಪ್ಪತ್ತೆಂಟನೇ ದಿನ ಬೋರ್ಡಿನ ಮೇಲೆ ವಾಕ್ಯ ಬರೆದಿಡೋಣವೆಂದು ಎಂಟು ಗಂಟೆಗೇ ಹೋದೆ. ಫಿಟ್ಟರುಗಳು ಬರುವುದು ಒಂಬತ್ತಕ್ಕೆ. ಒಳಗೆ ಹೆಂಗಸರು ಕಸ ಗುಡಿಸಿ, ಯಂತ್ರಕ್ಕೆ ಕುಂಕುಮ ಇಟ್ಟು ಮುಗಿಸಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದ, ಕುಂತೂರಿನಿಂದ ಬರುವ ಅಕ್ಕ ಮೆಟ್ಟಿಲ ಕೆಳಗಿನಿಂದ ಒಂದು ಮಣ್ಣಿನ ಗಡಿಗೆ ತಂದು, ಮೇಲೆ ಮುಚ್ಚಿದ ಮುತ್ತುಗದೆಲೆ ತೆಗೆದು, ಒಳಗಿದ್ದ ಕಂದು ನೀರನ್ನು ಯಂತ್ರದ ತೊಟ್ಟಿಗೆ ಸುರಿದರು. ಹಳೆಯ ಬೇಸಿನ್ ನೀರಿನ ವಾಸನೆ ನನ್ನ ಮೂಗಿಗೆ ಬಂತು.

“ಇದೇನಕ್ಕ?”

“ಅಳೇ ನೀರು ಸಾ. ಎಪ್ಪಾಕ್ದಂಗೆ. ವಸಾ ನೀರ್ಗೆ ಎಳೆ ಮೊಕ ಕೊಡಕ್ಕಿಲ್ಲ.”

ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬರೀ ಹೊಸ ನೀರಿನಲ್ಲಿ ಎಳೆಯ ತುದಿ ಬಿಡುವುದಿಲ್ಲ ಎಂದು ಅವರ ಮಾತು. ಹಳೆಯ ಬೇಸಿನ್ನುಗಳ ಕಾಲದಲ್ಲಿ ನೀರು ಬದಲಿಸುವಾಗ ಒಂದು ಗಡಿಗೆ ಹಳೆಯದನ್ನು ಉಳಿಸಿ ಬೆರೆಸುವುದು ಅಲ್ಲಿನ ವಾಡಿಕೆ. ಕೊನೆಯ ಬೇಸಿನ್ ಕಿತ್ತ ದಿನ ಅವರು ಒಂದು ಗಡಿಗೆ ಎತ್ತಿಟ್ಟಿದ್ದರು. ಅಂದಿನಿಂದ ಸಂಜೆ ತೊಟ್ಟಿಯಿಂದ ಒಂದು ಗಡಿಗೆ ತೆಗೆಯುವುದು, ಮರುದಿನ ಅದನ್ನು ಸುರಿಯುವುದು. ಹಳೆಯದು ಹೊಸದಕ್ಕೆ, ಹೊಸದು ಮತ್ತೆ ಹಳೆಯದಾಗಿ.

ನಾನು ತಲೆಯಾಡಿಸಿ ಬೋರ್ಡಿನ ಕಡೆ ಹೋದೆ. ಅದು ಏನು ಮಾಡುತ್ತದೆ ಎಂದು ಆಗ ನನಗೆ ತಿಳಿಯಲಿಲ್ಲ. ಇದು ನಿಜ. ಆದರೆ ಮುಂದಿನದಕ್ಕೆ ಈ ನೆಪ ಇಲ್ಲ.

ಮೂವತ್ತೈದನೇ ದಿನ ಹಿರಿಯರು ಒಂದು ಗೇಜನ್ನು ಬಿಚ್ಚಿ ಬಿಳಿ ಕಾಗದದ ಮೇಲಿಟ್ಟರು. ಸಂದಿನಲ್ಲಿ, ಗೂಡು ನೀರಿಗೆ ಬಿಡುವ ಅಂಟಿನ ಕಂದು ಪದರ ಇತ್ತು. ಮೂಸಿ ನೋಡಿದರು. “ಇದು ಇವತ್ತಿನ ನೀರಲ್ಲ,” ಎಂದರು. “ಬಹಳ ನಿನ್ನೆಗಳ ನೀರು.” ನನಗೆ ಆ ಕ್ಷಣದಲ್ಲೇ ಗಡಿಗೆ ಕಣ್ಣ ಮುಂದೆ ಬಂತು.

ಮಾಲೀಕರು ಕೂಗಾಡಲಿಲ್ಲ. ತೊಟ್ಟಿಗೆ ಏನು ಬಿದ್ದಿದೆ ಎಂದು ಸೂಪರ್‌ವೈಸರನ್ನು ಕೇಳಿದರು, ಅಷ್ಟೆ. ಸೂಪರ್‌ವೈಸರಿಗೆ ಒಂದು ಹೆಸರು ಬೇಕಾಗಿತ್ತು. ಶಾಗ್ಯದಿಂದ ಬರುವ ಹೆಂಗಸಿನ ಕಡೆ ತಿರುಗಿದರು. ಆಕೆ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು, ಎಲ್ಲರಿಗಿಂತ ಹೊಸಬಳು.

“ಊಟದ ಡಬ್ಬಿ ತೊಟ್ಟೀಲಿ ತೊಳೀತಿದ್ಲು ಸಾ. ನಾನೇ ನೋಡಿವ್ನಿ.”

“ನಲ್ಲೀಲಿ ತೊಳ್ದೆ ಕಣಣ್ಣ. ತೊಟ್ಟೀಲಲ್ಲ.”

“ಎಲ್ರೂ ಅಂಗೇ ಅನ್ನದು.” ನಾಳೆಯಿಂದ ಬರಬೇಡ ಎಂದು ಮಾಲೀಕರು ಆಕೆಗೆ ಕನ್ನಡದಲ್ಲಿ ಹೇಳಿದ್ದು ಫಿಟ್ಟರುಗಳಿಗೆ ತಿಳಿಯಲಿಲ್ಲ.

ಉಳಿದ ಹದಿನೈದು ಮಂದಿ ನೆಲ ನೋಡುತ್ತಿದ್ದರು. ಕುಂತೂರಿನ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಶಾಗ್ಯದವಳು ಅವರತ್ತ ಒಮ್ಮೆ ನೋಡಿದಳು. ಆಕೆಗೂ ಗಡಿಗೆಯ ವಿಷಯ ಗೊತ್ತಿತ್ತು. ಆದರೂ ಹೇಳಲಿಲ್ಲ. ಡಬ್ಬಿ ಎತ್ತಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಗೇಟು ದಾಟಿ ಹೋದಳು.

ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ಹದಿನೈದು ಜನರ ಕೆಲಸ ಹೋಗಬಹುದು ಎಂದುಕೊಂಡೆ. ಒಂದು ವಾರದ ಹಿಂದೆಯೇ ನೋಡಿದ್ದಿರಲ್ಲ, ಏಕೆ ಹೇಳಲಿಲ್ಲ ಎಂದು ಕೇಳಿಯಾರು ಎಂದೂ ಅಂದುಕೊಂಡೆ. ಎರಡರಲ್ಲಿ ಯಾವುದು ಹೆಚ್ಚು ಹೆದರಿಸಿತು ಎಂದು ಇಂದಿಗೂ ಖಚಿತವಾಗಿ ಹೇಳಲಾರೆ.

ಹೊರಗೆ ಹೊಂಗೆಮರದ ಕೆಳಗೆ ಅಕ್ಕನನ್ನು ಹಿಡಿದು ಕೇಳಿದೆ.

“ನಾನೊಬ್ಳೇ ಅಲ್ಲ ಸಾ. ಪಾಳಿ ಮ್ಯಾಲೆ ಎಲ್ರೂ ಉಯ್ದವ್ರೆ. ಅವ್ಳು ವಸಬ್ಳು ಅಂತ ಅವ್ಳ ಪಾಳಿ ಇನ್ನೂ ಬಂದಿರ್ಲಿಲ್ಲ.” ಮತ್ತೆ ಹೇಳಿದರು: “ನೀರು ಕೆಡ್ಲಿ ಅಂತ ಯಾರ್ ಉಯ್ತಾರೆ ಸಾ? ಮಿಸನ್ ಓಡ್ಲಿ ಅಂತ್ಲೇ ಉಯ್ದದ್ದು. ನಿಂತಷ್ಟೂ ಜಾಸ್ತಿ ಉಯ್ದೋ.”

ಸುರಿಯದೆ ಇದ್ದವಳು ಒಬ್ಬಳೇ. ಅವಳನ್ನೇ ಕಳಿಸಿದ್ದರು.

ಮೂವತ್ತಾರನೇ ದಿನ ಬೆಳಿಗ್ಗೆ ಪಾಠ ನಡೆಯಲಿಲ್ಲ. ಯಂತ್ರ ನಡೆಸಲು ತರಬೇತಿ ಪಡೆದವರ ಹೆಸರುಗಳನ್ನು ಕಂಪನಿಯ ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ತುಂಬಬೇಕಿತ್ತು. ಯಂತ್ರಕ್ಕೆ ಒಂಬತ್ತು ಜನ ಸಾಕು. ಹಿರಿಯರು ಒಬ್ಬೊಬ್ಬರನ್ನೇ ತೋರಿಸಿದರು, ನಾನು ಬರೆದೆ. ಎಂಟು ಹೆಸರಾದ ಮೇಲೆ ಅವರು ಸುತ್ತ ನೋಡಿ, “ಕೈ ಬೇಗ ಇರೋಳು ಎಲ್ಲಿ?” ಎಂದು ಕೇಳಿದರು. ಶಾಗ್ಯದವಳ ಬೆರಳು ಎಲ್ಲರಿಗಿಂತ ಚುರುಕು, ಕಡಿದ ಎಳೆಯನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು.

“ಇವತ್ತು ಬಂದಿಲ್ಲ,” ಎಂದೆ.

ಒಂಬತ್ತನೆಯದಾಗಿ ಬೇರೆ ಹೆಸರು ಬರೆದೆ. ಹತ್ತು ಗಂಟೆಗೆ ಎಲೆಕ್ಟ್ರೀಷಿಯನ್ ಅರ್ಜಿಯ ಚಿತ್ರ ತೆಗೆದು ಕಂಪನಿಗೆ ಕಳಿಸಿದರು.

ಹತ್ತೂವರೆಗೆ ಎಳೆಗಳು ಕಡಿಯತೊಡಗಿದವು. ಒಂದು, ನಾಲ್ಕು, ಇಡೀ ಸಾಲು. ಹಿರಿಯರು ಸ್ಟೂಲಿನ ಮೇಲೆ ಕೂತು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ಆ ಮನುಷ್ಯ ಮೂವತ್ತಾರು ದಿನ ತನ್ನದಲ್ಲದ ಊರಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ ಒಂದು ಕಾರಣವನ್ನು ಹುಡುಕಿದ್ದರು. ಆ ಕಾರಣ ಅವರ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿತ್ತು. ನಾನು ಅವರನ್ನು ಆಫೀಸಿನ ಮೂಲೆಗೆ ಕರೆದುಕೊಂಡು ಹೋದೆ.

ಬೋರ್ಡಿನ ಮೇಲೆ ಗಡಿಗೆಯ ಚಿತ್ರ ಬರೆದೆ, ತೊಟ್ಟಿ ಬರೆದೆ, ಸಂಜೆ ಮತ್ತು ಬೆಳಿಗ್ಗೆಯ ಎರಡು ಬಾಣ ಹಾಕಿದೆ. ಅವರಿಗೆ ಬರುವ ಪದಗಳಲ್ಲೇ ಹೇಳಿದೆ. ಆಮೇಲೆ ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ಗಡಿಗೆ ತೋರಿಸಿದೆ. ಅವರು ಎಲೆ ಎತ್ತಿ ಮೂಸಿದರು. ಕೈ ಅದ್ದಿ ಬೆರಳುಗಳ ನಡುವೆ ಅಂಟು ನೋಡಿದರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ.

“ನೀವು ಯಾವಾಗ ಫೈಂಡ್ ಮಾಡಿದ್ರಿ?”

“ನೋಡಿ ಎಂಟು ದಿನ ಆಯ್ತು. ಅರ್ಥ ಆಗಿದ್ದು ನಿನ್ನೆ.”

“ಕೈ ಬೇಗ ಇರೋಳು, ಅವಳೂ ಹಾಕ್ತಿದ್ಲಾ?”

“ಇಲ್ಲ. ಅವಳೊಬ್ಬಳೇ ಹಾಕಿಲ್ಲ.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಎಲ್ಲರೂ ಸೇರಿ ಒಂದೊಂದೇ ಗೇಜನ್ನು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿ, ಮೆತ್ತನೆಯ ಕುಂಚದಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ ಕೂರಿಸಿದೆವು. ತೊಟ್ಟಿ ತೊಳೆದೆವು, ಕೊಳವೆ ತೊಳೆದೆವು. ಹೊಸ ನೀರಿಗೆ ಎಳೆ ಏಕೆ ತಡವಾಗಿ ಬಿಡುತ್ತದೆ, ಅದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ಹಿರಿಯರು ಹೇಳಿದರು, ನಾನು ಹೆಂಗಸರಿಗೆ ತಿಳಿಸಿದೆ. ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಮನುಷ್ಯ ಬೋರ್ಡಿನ ಮುಂದೆ ಪದದ ಬೇರು ಅಗೆಯುತ್ತಿದ್ದ. ಮೂವತ್ತೊಂಬತ್ತನೇ ದಿನ ಯಂತ್ರ ಎಂಟು ಗಂಟೆ ಓಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರಿಗೂ ನಿಂತು ನಿಂತು ಕಾಲು ಬಾತಿತ್ತು.

ವರದಿಯನ್ನು ಹಿರಿಯರು ಹೇಳಿದಂತೆ ನಾನು ಬರೆದೆ. ಕಾರಣ ಸಿಕ್ಕಿದೆ, ಹಳೆಯ ನೀರು ಬೆರೆಸುವ ವಾಡಿಕೆ ಇತ್ತು, ಅದು ಇದೆಯೇ ಎಂದು ನಾವು ಕೇಳಲಿಲ್ಲ. ‘ಕೇಳಲಿಲ್ಲ’ ಎಂಬ ಸಾಲನ್ನು ಅವರೇ ಸೇರಿಸಿದರು. ಶಾಗ್ಯದ ಕೆಲಸಗಾರಳ ತಪ್ಪು ಏನೂ ಇಲ್ಲ ಎಂದು ನಾನು ಸೇರಿಸಿದೆ. ಮಾಲೀಕರು ಎರಡು ಸಲ ಓದಿದರು. ನೀರಿನ ವಿಷಯಕ್ಕೆ ಯಾರನ್ನೂ ಕಳಿಸುವುದಿಲ್ಲ, ಇನ್ನು ಗಡಿಗೆ ಕಂಡರೆ ಒಡೆಯುತ್ತೇನೆ, ಅಷ್ಟೆ ಎಂದರು.

“ಹಾಗಾದ್ರೆ ಶಾಗ್ಯದವಳನ್ನ ಕರೆಸ್ತೀರಾ?”

“ಅವ್ಳದು ತಪ್ಪಿಲ್ಲ, ಒಪ್ದೆ. ಆದ್ರೆ ಒಂಬತ್ ಹೆಸ್ರು ಹೋಗಾಯ್ತಲ್ಲ ಮೇಷ್ಟ್ರೆ. ಅವ್ರಿಗೇ ಸರ್ಟಿಫಿಕೇಟು ಬರೋದು. ಉಳಿದ ಆರು ಜನಕ್ಕೂ ನಾನು ಬೇರೆ ದಾರಿ ನೋಡ್ಕೊಳ್ಳಿ ಅಂದಿದೀನಿ. ಪಟ್ಟಿ ಬರೆದೋರು ನೀವೇ.”

ಫಿಟ್ಟರುಗಳು ಹೋದ ಮಾರನೆಯ ದಿನ ನಾನು ಶಾಗ್ಯಕ್ಕೆ ಹೋದೆ. ಅವಳು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂರಲು ಮಣೆ ಕೊಟ್ಟಳು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ.

“ನಾ ತೊಟ್ಟೀಲಿ ಡಬ್ಬಿ ತೊಳ್ದಿಲ್ಲ ಅಂತ ನಿಮ್ಗೆ ಯಾವಾಗ್ಲಿಂದ ಗೊತ್ತಿತ್ತು ಸಾ?”

“ನಿಮ್ಮನ್ನ ಕಳಿಸಿದ ದಿನವೇ.”

“ಅಂಗಾರೆ ಎಸ್ರು ಬರೀವಾಗ್ಲೂ ಗೊತ್ತಿತ್ತು.”

“ಗೊತ್ತಿತ್ತು.”

“ಚೀನಾದಣ್ಣ ನನ್ನ ಕೇಳುದ್ನಂತೆ. ಅಕ್ಕ ಏಳುದ್ಲು. ನೀವೇನಂದ್ರಿ?”

“ಇವತ್ತು ಬಂದಿಲ್ಲ ಅಂದೆ.”

ಅವಳು ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದಳು. “ಸುಳ್ಳಲ್ಲ ಬುಡಿ. ಓದ್ದೋರು ಸುಳ್ಳು ಏಳಕ್ಕಿಲ್ಲ.”

ನಿಮ್ಮ ಕೆಲಸದ ಬಗ್ಗೆ ಮಾಲೀಕರನ್ನು ಮತ್ತೆ ಕೇಳುತ್ತೇನೆ ಎಂದೆ.

“ಕೆಲ್ಸದ್ ಮಾತು ಆಮ್ಯಾಕೆ,” ಎಂದಳು. “ಎಂಜಲ್ ಡಬ್ಬಿ ತೊಳ್ದು ಮಿಸನ್ ಕೆಡಿಸ್ದೋಳು ಅಂತ ಬ್ಯಾರೆ ಸೆಡ್ಡಿಗೂ ಸುದ್ದಿ ಓಗದೆ. ಮೊನ್ನೆ ಒಂದ್ ಕಡೆ ಕೇಳಕ್ಕೋದೆ. ಗೂಡು ಮುಟ್ಬ್ಯಾಡ ಅಂದ್ರು. ಎಂಜಲು ಅಂದ್ಬುಟ್ರೆ ಮುಗೀತಲ್ಲ ಸಾ. ನೀವ್ ನನ್ ಜಗಲೀಲಿ ಕುಂತು ಏಳುದ್ರೆ ಏನಾದದು? ಅಲ್ಲೋಗಿ, ಅವ್ರೆಲ್ಲ ಇರೋವಾಗ ಏಳಿ.”

“ಇವತ್ತೇ ಬರ್ತೀರಾ?”

ಅವಳು ಕೈ ತೊಳೆದು, ಸೀರೆ ಬದಲಿಸಿ ಬಂದಳು. ಬಸ್ಸಿನಲ್ಲಿ ಮೂರು ಸೀಟು ಮುಂದೆ ಕೂತಳು, ಕೊಳ್ಳೇಗಾಲದವರೆಗೂ ಹಿಂದೆ ತಿರುಗಲಿಲ್ಲ. ಶೆಡ್ಡಿನ ಗೇಟಿನ ಹತ್ತಿರ ನಿಂತು, “ನೀವ್ ಮುಂದೆ ನಡೀರಿ, ನಾ ಇಂದೆ ಬತ್ತೀನಿ,” ಎಂದಳು.

ಒಳಗೆ ಯಂತ್ರ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಒಂಬತ್ತು ಹೆಂಗಸರು ಎಳೆಗಳ ಮುಂದೆ ನಿಂತಿದ್ದರು. ಮಾಲೀಕರು ಇರಲಿಲ್ಲ, ಸೂಪರ್‌ವೈಸರ್ ಇದ್ದರು. ನಾನು ನಡುವೆ ನಿಂತು ಹೇಳತೊಡಗಿದೆ. ಗದ್ದಲದಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಸೂಪರ್‌ವೈಸರ್ ಕಿವಿಯ ಹಿಂದೆ ಕೈ ಇಟ್ಟು, ಆಮೇಲೆ ಬನ್ನಿ ಎಂಬಂತೆ ಕೈ ಬೀಸಿದರು. ಶಾಗ್ಯದವಳು ಬಾಗಿಲಲ್ಲೇ ನಿಂತಿದ್ದಳು.

ಕುಂತೂರಿನ ಅಕ್ಕ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಕಂಬದ ಹತ್ತಿರ ಹೋಗಿ ಕೆಂಪು ಗುಂಡಿ ಒತ್ತಿದರು. ಯಂತ್ರ ನಿಂತಿತು. ನೂರಾರು ಎಳೆಗಳು ಸಡಿಲವಾಗಿ ನೀರಿಗೆ ಬಿದ್ದವು.

“ಯಾರ್ ಕೇಳಿ ನಿಲ್ಸುದ್ರಿ ಅಕ್ಕೋ?” ಸೂಪರ್‌ವೈಸರ್ ಓಡಿ ಬಂದರು. “ಅಷ್ಟೂ ಎಳೆ ಮತ್ತೆ ಎತ್ತದ್ಯಾರು?”

“ನಾ ಎತ್ತೀನಿ ಕಣ್ಲಾ. ಬಾಯ್ ಮುಚ್ಕಂಡು ಕೇಳು.” ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಏಳಿ ಸಾ. ಈಗ ಕೇಳ್ತದೆ.”

ನಾನು ಹೇಳಿದೆ. ಮೊದಲು ಗಡಿಗೆಯ ವಿಷಯ, ಅದನ್ನು ಮುಟ್ಟದವಳ ವಿಷಯ, ಆಮೇಲೆ ಗೊತ್ತಿದ್ದೂ ಬಾಯಿ ಬಿಡದ ನನ್ನ ವಿಷಯ.